ಉಳಿದ ಪಟ್ಟಿ

ತಿಮ್ಮವ್ವ ದೊಡ್ಡವ್ವ ಕೆಸರಿನಲ್ಲಿ ಬಿದ್ದದ್ದು ನನ್ನ ಪಟ್ಟಿಯಲ್ಲಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗುಂಪಿನ ಎಲ್ಲರಿಗೂ ಗೊತ್ತಿತ್ತು.

ನಮ್ಮದು ಮಸರಕಲ್ಲಿನ ಹದಿನಾಲ್ಕು ಹೆಣ್ಣುಮಕ್ಕಳ ಗುಂಪು. ಕಾಲುವೆಗೆ ನೀರು ಬಿಟ್ಟ ಮೇಲೆ ಮಾನ್ವಿ ಕಡೆಯ ಗದ್ದೆಗಳಿಗೆ ಭತ್ತದ ಸಸಿ ಹಚ್ಚಲು ಹೋಗುತ್ತೇವೆ. ಬೆಳಿಗ್ಗೆ ಆಸಿಫನ ಟಂಟಂ ಗಾಡಿ ಹತ್ತಿದರೆ ಮಲ್ಲಟ ಮುಟ್ಟುವ ಹೊತ್ತಿಗೆ ಬಿಸಿಲು ಏರಿರುತ್ತದೆ. ತಿಮ್ಮವ್ವ ನಮ್ಮ ಮೇಸ್ತ್ರಿ. ಗದ್ದೆಗೆ ಹಗ್ಗ ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಹಂಚುತ್ತಾಳೆ. ಈ ಒಡ್ಡಿನಿಂದ ಆ ಒಡ್ಡಿನವರೆಗೆ ಅಷ್ಟಗಲ ನಿನ್ನದು. ಸಂಜೆಗೆ ಯಾರದಾದರೂ ಮುಗಿಯದೆ ಹೋದರೆ, ಉಳಿದ ಪಟ್ಟಿ ಮೇಸ್ತ್ರಿದು. ಆಕೆಯ ಅತ್ತೆ ಮೇಸ್ತ್ರಿಯಾಗಿದ್ದಾಗಲೂ ಇದೇ ರೂಢಿ ಇತ್ತಂತೆ.

ದಿನಾ ಉಳಿಯುತ್ತಿದ್ದದ್ದು ನನ್ನದೇ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅಲ್ಲೂ ಎದ್ದು ನಿಂತು ಉತ್ತರ ಹೇಳಿದವಳಲ್ಲ. ಗದ್ದೆಯಲ್ಲಿ ಸಸಿ ಮುಗಿದವರು ಬಗ್ಗಿದಲ್ಲಿಂದಲೇ "ಯಶೋಧಾ, ಒಂದು ಕಟ್ಟು ಕೊಡಬೇ" ಎನ್ನುತ್ತಾರೆ. ನಾನು ಒಡ್ಡಿಗೆ ಹೋಗಿ ತಂದುಕೊಡುತ್ತೇನೆ, ಎಲ್ಲರಿಗಿಂತ ಸಣ್ಣವಳಲ್ಲವೇ. ಅಣ್ಣ ಅತ್ತಿಗೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಈ ಹಂಗಾಮಿನಲ್ಲಿ ನನ್ನ ಕೈ ತಿರುಗದಿದ್ದರೆ ನನ್ನನ್ನೂ ಅಲ್ಲಿಗೆ ಕರೆಸಿಕೊಳ್ಳುವ ಮಾತಾಗಿತ್ತು. ಹಿಂದೊಮ್ಮೆ ಅವರ ತಗಡಿನ ಶೆಡ್ಡಿನಲ್ಲಿ ಒಂದು ತಿಂಗಳು ಇದ್ದು ಬಂದಿದ್ದೆ. ಇನ್ನೊಮ್ಮೆ ಹೋಗಲಾರೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ತಿಮ್ಮವ್ವನ ಕೆಲಸ ಗದ್ದೆಯಲ್ಲಿ ಮುಗಿಯುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಮ್ಮ ಗುಂಪಿನ ಮಹಾಂತಮ್ಮ ಸೊಸೆಯ ಜಗಳ ತಂದು ಆಕೆಯ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಇನ್ನೊಬ್ಬಳಿಗೆ ರೇಷನ್ ಕಾರ್ಡಿನ ಚಿಂತೆ. ಗದ್ದೆಯವರ ಫೋನು ಬೇರೆ. ತಾಟಿನ ಮುಂದೆ ಕೂತ ಆಕೆ ಒಂದು ರೊಟ್ಟಿಗೆ ಮೂರು ಸಲ ಏಳುವುದನ್ನು ನಾನು ನೋಡಿದ್ದೇನೆ. ಹಾಗಿರುವಾಗಲೇ ಒಂದು ಸಂಜೆ ನನ್ನ ಪಟ್ಟಿಗೆ ಇಳಿದು ನಾಲ್ಕು ಸಾಲು ಹಚ್ಚಿ, ಐದನೆಯದಕ್ಕೆ ಬಗ್ಗಿದವಳು ಹಾಗೇ ಮುಂದಕ್ಕೆ ಬಿದ್ದಳು.

ರಾಯಚೂರಿನ ದವಾಖಾನೆಯಲ್ಲಿ ರಕ್ತ ತೀರಾ ಕಡಿಮೆ ಇದೆ ಎಂದರು. ಆಕೆಗೆ ಹೆಣ್ಣುಮಕ್ಕಳಿಲ್ಲ. ಜೊತೆಗೆ ನಾನು ಉಳಿದೆ.

ಆ ವಾರ್ಡಿನ ಹಿರಿಯ ನರ್ಸ್ ಶಶಿಕಲಾ ಎಂಬವರು. ಕನ್ನಡಕ ಹಾಕಿದ ತೆಳ್ಳನೆಯ ಹೆಂಗಸು. ಬೆಳಿಗ್ಗೆಯಿಂದ ಅವರ ಮೇಜಿನ ಸುತ್ತ ಜನ. ಎಲ್ಲರಿಗೂ ಉತ್ತರ ಕೊಡುತ್ತಿದ್ದರು, ಯಾರ ಮೇಲೂ ರೇಗುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಇನ್ನೊಬ್ಬ ಸಿಸ್ಟರ್ ಬಂದರು. ಬಂದವರನ್ನು ಕರೆದುಕೊಂಡು ಶಶಿಕಲಾ ಒಂದೊಂದೇ ಮಂಚದ ಹತ್ತಿರ ನಿಂತು, ಇವರಿಗೆ ಇಂಥದ್ದು ಕೊಟ್ಟಾಗಿದೆ, ಇಂಥದ್ದು ಕೊಡಬೇಕು ಎಂದು ಬಿಡದೆ ಹೇಳಿದರು. ಆಮೇಲೆ ಕೈ ತೊಳೆದು ಬುತ್ತಿಯ ಡಬ್ಬಿ ತೆಗೆದುಕೊಂಡರು. ಒಬ್ಬ ಗಂಡಸು ಬೆನ್ನು ಹತ್ತಿದ.

"ಸಿಸ್ಟರ್, ಒಂದು ನಿಮಿಷರೀ."

"ಅವರಿಗೆ ಎಲ್ಲಾ ಹೇಳೀನ್ರಿ, ಅವರನ್ನ ಕೇಳ್ರಿ. ನಾ ಉಣ್ಣಾಕ ಹೊಂಟೀನಿ."

ದನಿ ಏರಲಿಲ್ಲ, ಮುಖ ಗಂಟಾಗಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ ಮನುಷ್ಯ ಮುಚ್ಚಿದ ಬಾಗಿಲು ನೋಡಿ, ಇನ್ನೊಬ್ಬ ಸಿಸ್ಟರ್ ಕಡೆ ನಡೆದ. ತಿಮ್ಮವ್ವ ಬಾಟಲಿಯ ಕೊಳವೆ ಚುಚ್ಚಿದ್ದ ಕೈ ಊರಿ ಅರ್ಧ ಎದ್ದು ಕೂತಿದ್ದಳು.

"ಉಣ್ಣಾಕ ಹೋದ್ಳು," ಎಂದಳು.

"ಹೂಂ ದೊಡ್ಡವ್ವ."

ಆಕೆ ವಾರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಯಾರೂ ಸಾಯಲಿಲ್ಲ ನೋಡಬೇ."

ಮರುದಿನ ಎರಡು ಗಂಟೆಗೆ ಮೊದಲೇ ದಿಂಬಿಗೆ ಒರಗಿ ಕಾದು ಕೂತಳು, ಬಯಲಾಟ ನೋಡಲು ಕೂತವರ ಹಾಗೆ.

ಊರಿಗೆ ಬಂದ ಎಂಟನೆಯ ದಿನ ನಾನು ಮಜ್ಜಿಗೆ ಕೊಡಲು ಹೋದಾಗ ಆಕೆ ಊಟಕ್ಕೆ ಕೂತಿದ್ದಳು. ಮಹಾಂತಮ್ಮ ಬಂದು ಬಾಗಿಲಲ್ಲಿ ನಿಂತಳು. ಸೊಸೆ ಎಂದು ಬಾಯಿ ತೆರೆಯುವಷ್ಟರಲ್ಲಿ ತಿಮ್ಮವ್ವ, "ನಾಳಿ ಟಂಟಂದಾಗ ಹೇಳವಾ. ಈಗ ಉಣ್ಣಾಕತ್ತೀನಿ," ಎಂದಳು.

"ರಾಯಚೂರಾಗ ಬಾಟಲಿ ಒಳಗ ಏನು ಹಾಕಿ ಕಳಿಸ್ಯಾರಬೇ ನಿನಗ?"

"ರಕ್ತ ಹಾಕ್ಯಾರ."

ಮಹಾಂತಮ್ಮ ಸೆರಗು ಝಾಡಿಸಿ ಹೋದಳು. ತಿಮ್ಮವ್ವ ಏಳದೆ ಎರಡು ರೊಟ್ಟಿ ಉಂಡಳು. ನಾನು ಮಜ್ಜಿಗೆಯ ತಂಬಿಗೆ ಹಿಡಿದು ನೋಡುತ್ತಲೇ ನಿಂತಿದ್ದೆ. ಮರುದಿನ ಟಂಟಂ ಹೊರಟ ಕೂಡಲೇ ಆಕೆಯೇ ಕೇಳಿದಳು, "ಹೇಳು ಮಹಾಂತಮ್ಮ, ಸೊಸಿ ಏನಂದ್ಲು?" ಮಲ್ಲಟ ಬರುವವರೆಗೂ ನಡುವೆ ಮಾತಾಡದೆ ಕೇಳಿದಳು.

ಅಂದು ಗದ್ದೆಗೆ ಹಗ್ಗ ಹಿಡಿದು ಪಟ್ಟಿ ಹಂಚಿದ ಮೇಲೆ ಆಕೆ ಒಡ್ಡಿನ ಮೇಲೆ ನಿಂತು ಹೇಳಿದಳು. "ಇವತ್ತಿಂದ ಉಳಿದ ಪಟ್ಟಿ ಮೇಸ್ತ್ರಿದಲ್ಲ. ಯಾರ ಪಟ್ಟಿ ಅವರು ಮುಗಿಸಬೇಕು."

"ಹಂಗಾದ್ರ ಮೇಸ್ತ್ರಿ ಯಾತಕ್ಕ?" ಎಂದಳು ಮಹಾಂತಮ್ಮ.

"ನೋಡಾಕ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಬೆಂಗಳೂರಿನ ತಗಡಿನ ಶೆಡ್ಡು ಕಣ್ಣ ಮುಂದೆ ಬಂತು.

ಸಂಜೆ ಹದಿಮೂರು ಪಟ್ಟಿ ಮುಗಿದಿದ್ದವು. ತಿಮ್ಮವ್ವನೂ ತನ್ನದನ್ನು ಮುಗಿಸಿ ಕಾಲು ತೊಳೆದಿದ್ದಳು. ನನ್ನದು ಇನ್ನೂ ಕಾಲು ಭಾಗ ಬರಿ ನೀರು. ಮಹಾಂತಮ್ಮನಿಗೆ ಕರುಳು ಚುರ್ ಎಂದಿರಬೇಕು, ಗೊಣಗುತ್ತ ಸೀರೆ ಎತ್ತಿ ಕಟ್ಟಿದಳು.

"ಇಳಿಬ್ಯಾಡ," ಎಂದಳು ತಿಮ್ಮವ್ವ.

"ಕೂಸು ಅಳಾಕತ್ತೈತಿ, ಕಾಣಸಂಗಿಲ್ಲೇನು?"

"ಕಾಣಸ್ತದ. ಕೈ ನಿಂತಿಲ್ಲ ಆಕಿದು, ಅದೂ ಕಾಣಸ್ತದ."

ನಾನು ಅಳುತ್ತಿದ್ದದ್ದು ನಿಜ. ಆಸಿಫ್ ರಸ್ತೆಯಿಂದ ಹಾರ್ನ್ ಹೊಡೆದ. "ದೊಡ್ಡಮ್ಮಾ, ಹೊತ್ತಾಗಾಕತ್ತೈತಿ."

"ಹಾರ್ನ್ ಹೊಡಿಬ್ಯಾಡಪ್ಪ, ಆಕಿ ಲಕ್ಷ್ಯ ಕೆಡತದ. ಎಲ್ಲಾರೂ ಕೂಡಿ ಬಂದೀವಿ, ಕೂಡೇ ಹೋಗತೀವಿ." ಆಸಿಫ್ ಎಂಜಿನ್ ಆರಿಸಿದ.

ಅಷ್ಟರಲ್ಲಿ ಗದ್ದೆಯ ಮಾಲೀಕ ರಾಮಲಿಂಗಪ್ಪ ಬೈಕಿನಲ್ಲಿ ಬಂದರು. "ತಿಮ್ಮವ್ವ, ನೀ ಇಳಿದ್ರ ಹತ್ತು ನಿಮಿಷದ ಕೆಲಸ. ನಾಳಿಂದ ಆ ಹುಡುಗಿನ್ನ ಕರಕೊಂಡು ಬರಬ್ಯಾಡ."

ನನ್ನ ಬೆರಳು ಕೆಸರಿನಲ್ಲೇ ನಿಂತುಬಿಟ್ಟವು. ತಿಮ್ಮವ್ವ ಏನೆನ್ನುತ್ತಾಳೆಂದು ಕಿವಿಗೊಟ್ಟೆ.

"ಹೊತ್ತು ಮುಳುಗೋದ್ರಾಗ ಗದ್ದಿ ಮುಗಿಸಿ ಕೊಡ್ತೀನಿ ಅಂದೀನ್ರಿ ಸಾಹುಕಾರ್ರ, ಅದು ನಿಮಗ ಕೊಟ್ಟ ಮಾತು, ತಪ್ಪಂಗಿಲ್ಲ," ಎಂದಳು ತಿಮ್ಮವ್ವ. ನರ್ಸಮ್ಮನ ದನಿಯ ಹಾಗೇ ಇತ್ತು, ಏರೂ ಇಲ್ಲ ಇಳಿವೂ ಇಲ್ಲ. "ಯಾರನ್ನ ಕರಕೊಂಡು ಬರಬೇಕು ಅನ್ನೋದು ನನಗ ಬಿಡ್ರಿ. ಆ ಪಟ್ಟಿ ಆಕಿಗೆ ಬಿಡ್ರಿ."

ನಾನು ಇಂಥ ಮಾತನ್ನು ಹುಟ್ಟಿ ಕೇಳಿರಲಿಲ್ಲ. ಆದರೂ ಆಕಾಶ ಕಳಚಿ ಬೀಳಲಿಲ್ಲ. ರಾಮಲಿಂಗಪ್ಪ ಪಡುವಣಕ್ಕೆ ನೋಡಿ ಹೊತ್ತು ಎಷ್ಟಿದೆ ಎಂದು ಅಳೆದರು, ಬೈಕಿಗೆ ಸ್ಟ್ಯಾಂಡ್ ಹಾಕಿ ಅದರ ಮೇಲೇ ಕೂತರು. ತಿಮ್ಮವ್ವ ಒಡ್ಡಿನ ಮೇಲೆ ಕೂತಳು. ಹನ್ನೆರಡು ಜನ ಸಾಲಾಗಿ ಪಕ್ಕದಲ್ಲಿ ಕೂತರು. ನನ್ನ ಸಲುವಾಗಿ ಅಷ್ಟು ಜನ ಕಾಯುವುದನ್ನು ಅದುವರೆಗೆ ಕಂಡಿರಲಿಲ್ಲ.

ಗದ್ದೆಯಲ್ಲಿ ನಾನೊಬ್ಬಳೇ. ಎಡಗೈಯಲ್ಲಿ ಕಟ್ಟು, ಬಲಗೈಯ ಮೂರು ಬೆರಳು ಕೆಸರಿಗೆ. ಯಾರೂ ಕೂಗುತ್ತಿರಲಿಲ್ಲ. ಎರಡು ಸಾಲು ಆದ ಮೇಲೆ ಅಳು ನಿಂತಿತು. ನಾಲ್ಕು ಸಾಲಿಗೆ ಕೈ ತಾನೇ ಲಯ ಹಿಡಿಯಿತು. ಹಿಮ್ಮಡಿಗೆ ಗಟ್ಟಿ ಮಣ್ಣು ತಾಗಿದಾಗ ಏನೆಂದು ತಿಳಿಯಲಿಲ್ಲ. ಒಡ್ಡು. ಬಿಸಿಲು ಇನ್ನೂ ಜಾಲಿಗಿಡದ ತುದಿಯಲ್ಲಿತ್ತು.

ತಲೆ ಎತ್ತಿ ನೋಡಿದೆ. ಈ ಒಡ್ಡಿನಿಂದ ಆ ಒಡ್ಡಿನವರೆಗೆ ಹಸಿರು, ಎಲ್ಲವೂ ನನ್ನ ಬೆರಳಿನದು. ಮೂರು ಹಂಗಾಮಿನಿಂದ ಸಸಿ ಹಚ್ಚುತ್ತಿದ್ದರೂ ನನ್ನ ಪೂರ್ತಿ ಪಟ್ಟಿಯನ್ನು ಅಂದೇ ಕಂಡದ್ದು. ಸಾಲು ಅಲ್ಲಲ್ಲಿ ಸೊಟ್ಟಗಿತ್ತು.

ತಿಮ್ಮವ್ವ ಹತ್ತಿರ ಬಂದು ನಿಂತಳು. "ನಿನ್ನ ಕೈ ಜಡ ಇಲ್ಲ ಯಶೋಧಾ. ಮುಂಜಾನಿಂದ ಹನ್ನೊಂದು ಸಲ ನಿನ್ನ ಪಟ್ಟಿ ಬಿಟ್ಟು ಒಡ್ಡಿಗೆ ಹೋಗಿದ್ದಿ. ನಿನ್ನ ಸಸಿಗೆ ಅಂತ ಹೋಗಿದ್ದು ಎರಡು ಸಲ." ಒಡ್ಡಿನ ಮೇಲಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು. "ಮೂರು ಹಂಗಾಮಿನಿಂದ ನನಗ ಇದು ಕಂಡೇ ಇರಲಿಲ್ಲ. ನಾನೂ ಬಗ್ಗಿ ನಿನ್ನ ಪಟ್ಟಿ ಹಚ್ಚಿಕೋತ ಇದ್ನಲ್ಲ, ಎಲ್ಲಿ ಕಾಣಬೇಕು. ನಡಿ, ಕಾಲು ತೊಳಕೋ."

ಅಷ್ಟೇ ಹೇಳಿದ್ದು. ನಾಳೆ ಬರಬೇಕೋ ಬೇಡವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಟಂಟಂನಿಂದ ಇಳಿಯುವಾಗ ಆಕೆಯೇ, "ನಾಳಿ ಬುತ್ತಿಗೆ ಒಂದು ರೊಟ್ಟಿ ಹೆಚ್ಚು ಕಟಗೊಂಡು ಬಾ, ಗದ್ದಿ ದೊಡ್ಡದದ," ಎಂದಳು.

ಮರುದಿನ ನನ್ನ ಪಟ್ಟಿಯ ಪಕ್ಕ ಮಹಾಂತಮ್ಮನದು. ಬಿಸಿಲು ಏರುವ ಹೊತ್ತಿಗೆ ಆಕೆಯ ಸಸಿ ಮುಗಿಯಿತು. "ಯಶೋಧಾ, ಒಂದು ಕಟ್ಟು," ಎಂದು ಅಭ್ಯಾಸದಂತೆ ಕೈ ಚಾಚಿದಳು.

ಕಾಲು ತಾನೇ ಮೇಲೆದ್ದಿತು. ಅದನ್ನು ಮತ್ತೆ ಕೆಸರಿನಲ್ಲಿ ಊರಿದೆ.

"ಒಡ್ಡಿನ ಮ್ಯಾಲ ಅದಾವ ಚಿಗವ್ವ," ಎಂದೆ. "ನಾ ಹಚ್ಚಾಕತ್ತೀನಿ."

ಮಹಾಂತಮ್ಮ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ, "ಇದೂ ರಾಯಚೂರಿಗೆ ಹೋಗಿ ಬಂದದ್ದು ಅಲ್ಲೇನು, ಮರೆತಿದ್ದೆ," ಎಂದು ಗೊಣಗಿ, ಸೊಂಟ ಹಿಡಿದುಕೊಂಡು ತಾನೇ ಒಡ್ಡಿನ ಕಡೆ ನಡೆದಳು. ಬರುವಾಗ ಎರಡು ಕಟ್ಟು ತಂದಳು. ಒಂದನ್ನು ನನ್ನ ಪಟ್ಟಿಗೆ ಎಸೆದಳು.

ಆಚೆ ಪಟ್ಟಿಯಲ್ಲಿ ತಿಮ್ಮವ್ವ ಬಗ್ಗಿದ್ದವಳು ಎದ್ದು ನಿಂತು, ನಮ್ಮನ್ನು ಒಮ್ಮೆ ನೋಡಿ, ಮತ್ತೆ ಬಗ್ಗಿದಳು.