ಟ್ಯಾಂಕಿನ ಮುಚ್ಚಳ

ಫೋನು ಬಂದಾಗ ನನ್ನ ಎರಡೂ ಕೈಗಳು ಪೆಟ್ರೋಲಿನಲ್ಲಿದ್ದವು. ತಮ್ಮ ಆಸ್ಪತ್ರೆಯಲ್ಲಿದ್ದ. ಅವನು ಹಾಸಿಗೆ ಹಿಡಿದಂದಿನಿಂದ ಅವನ ಹಳೆಯ ಕಾರು ಶೆಡ್ಡಿನಲ್ಲಿ ನಿಂತೇ ಇತ್ತು. ಅದರ ಟ್ಯಾಂಕಿನಿಂದ ಕೆಟ್ಟ ಪೆಟ್ರೋಲನ್ನು ಬಸಿಯುವ ಕೆಲಸವನ್ನು ನನಗೆ ಹಚ್ಚಿದ್ದ. ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ನಿಂತುಹೋಯಿತು. ಮತ್ತೆ ಹೊಡೆದುಕೊಂಡಿತು. ತಮ್ಮನ ಹೆಂಡತಿ.

"ಭಾವ, ಹೋಗಿಬಿಟ್ರು," ಎಂದಳು.

ನಾನು "ಸರಿ" ಎಂದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು.

ಆ ಕಾರನ್ನು ತಮ್ಮ ಯಾರದೋ ಹಿತ್ತಲ ಕೋಳಿಗೂಡಿನಿಂದ ಎಳೆದು ತಂದಿದ್ದ. ತಗಡು ತಟ್ಟಿ, ಬಣ್ಣ ಬಳಿದು, ಸೀಟು ಹೊಲಿಸಿ, ಆ ಕೋಳಿಗಳಿಗೇ ಗುರುತು ಸಿಗದ ಹಾಗೆ ಮಾಡಿದ್ದ. "ನಾನು ಸತ್ತರೆ ನನ್ನನ್ನು ಹೊಳೆಗೆ ಇದರಲ್ಲೇ ಕರ್ಕೊಂಡು ಹೋಗು. ಬೇರೆ ಗಾಡಿ ತಂದರೆ ನಾನು ಹತ್ತೋನಲ್ಲ," ಎಂದು ಹೆಂಡತಿಯನ್ನು ರೇಗಿಸುತ್ತಿದ್ದ. ಆಗ ಅವಳು ಬೈಯುತ್ತಿದ್ದಳು. ಈಗ ಬೂದಿಯ ಮಡಕೆಯನ್ನು ಕಪಾಟಿನ ಮೇಲಿಟ್ಟುಕೊಂಡು ಅದೇ ಮಾತನ್ನು ಹಿಡಿದು ಕೂತಳು. ಭಾನುವಾರ ಹೊಳೆಗೆ ಬಿಡುವುದೆಂದು ಮನೆಯವರೆಲ್ಲ ಒಪ್ಪಿದರು. ಕಾರು ಮಾತ್ರ ಒಪ್ಪಲಿಲ್ಲ.

ಸ್ಟಾರ್ಟ್ ಆಗುತ್ತಿತ್ತು. ಗುರುಗುಡುತ್ತ ಬೀದಿಯ ತಿರುವಿನವರೆಗೆ ಹೋಗುತ್ತಿತ್ತು. ಅಲ್ಲಿ ಕೆಮ್ಮಿ, ಮುಗ್ಗರಿಸಿ, ನಿಂತುಬಿಡುತ್ತಿತ್ತು. ಟ್ಯಾಂಕಿಗೆ ಹೊಸ ಪೆಟ್ರೋಲು ತುಂಬಿಸಿದ್ದರೂ ಎಂಜಿನ್ನಿಗೆ ಬರುತ್ತಿರಲಿಲ್ಲ.

ತಮ್ಮನ ಗೆಳೆಯನೊಬ್ಬ ಮೆಕ್ಯಾನಿಕ್. ಊರೆಲ್ಲ ಅವನನ್ನು ಗುಡುಗು ಎನ್ನುತ್ತದೆ. ಅವನು ಗುಟ್ಟು ಹೇಳಿದರೂ ಪಕ್ಕದ ಮನೆಯವರು ಹೂಂಗುಡುತ್ತಾರೆ.

"ಏನಣ್ಣ ಇದು! ಇವನು ಇದ್ದಾಗಲೂ ಹಟ, ಹೋದ ಮೇಲೂ ಹಟ!"

"ಮೆತ್ತಗೆ ಮಾತಾಡೋ, ಒಳಗೆ ಅವಳಿಗೆ ಕೇಳುತ್ತೆ."

"ಮೆತ್ತಗೇ ಮಾತಾಡ್ತಿದೀನಲ್ಲಣ್ಣ!"

ಕಾರ್ಬುರೇಟರ್ ಬಿಚ್ಚಿದೆವು. ಹಳೆಯ ಪೆಟ್ರೋಲು ಗೋಂದಿನ ಹಾಗೆ ಹೆಪ್ಪುಗಟ್ಟಿತ್ತು, ತೊಳೆದೆವು. ಫಿಲ್ಟರ್ ಬದಲಾಯಿಸಿದೆವು. ಪೈಪು ಊದಿದೆವು. ಪಂಪು ಬಿಚ್ಚಿ ಜೋಡಿಸಿದೆವು. ಪ್ರತಿ ಸಲವೂ ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲು ಇದೆಯೇ ಎಂದು ಇಣುಕಿ, ಮುಚ್ಚಿ, ಕೀಲಿ ತಿರುಗಿಸುತ್ತಿದ್ದೆವು. ಕಾರು ಹೊರಡುತ್ತಿತ್ತು. "ನೋಡಿದ್ರಾ, ಪಂಪಿಂದೇ ಕಿತಾಪತಿ!" ಎಂದು ಗುಡುಗು ನನ್ನ ಬೆನ್ನು ಚಪ್ಪರಿಸುತ್ತಿದ್ದ. ತಿರುವು ಬಂದೊಡನೆ ಇಬ್ಬರೂ ಇಳಿದು ತಳ್ಳುತ್ತಿದ್ದೆವು.

ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪ್ರಾರ್ಥನೆಗೆ ಕೂತರೆ ದೇವರ ಹೆಸರಿನ ನಡುವೆ ಪಂಪು ನುಸುಳುತ್ತಿತ್ತು. ಎದ್ದು ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿ ಏನೂ ತೋಚದೆ ತಿರುಗಿ ಬರುತ್ತಿದ್ದೆ.

"ಒಂದು ಕಡೆ ಕೂತ್ಕೊಳ್ಳಿ ಭಾವ, ನಿಮ್ಮನ್ನು ನೋಡಿ ನನಗೆ ತಲೆ ಸುತ್ತುತ್ತೆ," ಎನ್ನುತ್ತಿದ್ದಳು ಅವಳು. ತಮ್ಮ ಹೋದ ಮೇಲೆ ಅವಳು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಅದೊಂದು ಬೇರೆ ನನ್ನನ್ನು ಕೊರೆಯುತ್ತಿತ್ತು.

ಶನಿವಾರ ಮಧ್ಯಾಹ್ನ ಕಾರು ಮತ್ತೆ ತಿರುವಿನಲ್ಲಿ ನಿಂತಾಗ ಅವಳು ಬಾಗಿಲಿಗೆ ಬಂದು ಕೂಗಿ ಹೇಳಿದಳು.

"ಸಾಕು ಭಾವ. ಬಾಡಿಗೆ ಗಾಡಿಗೆ ಹೇಳಿಬಿಡಿ. ಅವರು ತಮಾಷೆಗೆ ಹೇಳಿದ್ದು."

"ಸಂಜೆಯವರೆಗೆ ನೋಡೋಣಮ್ಮ," ಎಂದೆ. ನನಗೇ ನಂಬಿಕೆ ಇರಲಿಲ್ಲ.

ಗುಡುಗು ಎಳೆಯಲು ಹಗ್ಗ ತರುವುದಕ್ಕೆ ಹೋದ. ಬೀದಿ ಗಪ್ಪಾಯಿತು. ಕೈ ಸುಮ್ಮನಿರದೆ ನಾನು ಮುಚ್ಚಳ ತಿರುಗಿಸಿದೆ. ಟ್ಯಾಂಕು "ಉಸ್ಸ್" ಎಂದು ಗಾಳಿ ಎಳೆದುಕೊಂಡಿತು.

ಹಿಂದೆಲ್ಲ ಮುಚ್ಚಳ ತೆಗೆಯುವಾಗ ಗುಡುಗು ನನ್ನ ಕಿವಿಯ ಬಳಿ ಏನಾದರೂ ಕಿರುಚುತ್ತಿದ್ದ. ಈ ಸದ್ದು ಯಾರಿಗೆ ಕೇಳಬೇಕು!

ಮುಚ್ಚಳವನ್ನು ಬಿಸಿಲಿಗೆ ಹಿಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಸಾಸಿವೆಯಷ್ಟು ತೂತು ಇರಬೇಕು. ಪೆಟ್ರೋಲು ಇಳಿದ ಹಾಗೆ ಅದರಿಂದ ಗಾಳಿ ಒಳಗೆ ಹೋಗಬೇಕು. ಇಲ್ಲದಿದ್ದರೆ ಟ್ಯಾಂಕು ಪೆಟ್ರೋಲನ್ನು ಬಿಟ್ಟುಕೊಡುವುದಿಲ್ಲ. ಆ ತೂತಿನಲ್ಲಿ ಬಿಳಿಯ ಪಾಲಿಶ್ ಒಣಗಿ ಕಲ್ಲಾಗಿತ್ತು. ನಾವು ಪ್ರತಿ ಸಲ ಮುಚ್ಚಳ ತೆಗೆದಾಗ ಒಳಹೊಕ್ಕ ಗಾಳಿಯಿಂದಲೇ ಕಾರು ತಿರುವಿನವರೆಗೆ ಹೋಗುತ್ತಿತ್ತು.

ನಾನು ಪಿನ್ನಿನಿಂದ ಕೆರೆಯುತ್ತಿದ್ದಾಗ ಗುಡುಗು ಹಗ್ಗ ಹೊತ್ತು ಬಂದ.

"ಯಾವ ಪುಣ್ಯಾತ್ಮರಪ್ಪ ಇದಕ್ಕೆ ಪಾಲಿಶ್ ಮೆತ್ತಿದ್ದು?"

"ನಾನೇ," ಎಂದಳು ಅವಳು. ಅವನ ಹಿಂದೆಯೇ ಬಂದಿದ್ದಳು. "ಆಸ್ಪತ್ರೆಯಿಂದ ದಿನಾ ಫೋನ್ ಮಾಡಿ ಕೇಳೋರು, ಕಾರು ಉಜ್ಜಿದೆಯಾ ಅಂತ. ಉಜ್ಜಿದೆ ಅಂದ್ರೆ ಖುಷಿ ಪಡೋರು. ಅದಕ್ಕೇ..." ನನ್ನತ್ತ ನೋಡಿದಳು. "ಅಂದ್ರೆ ನಾನೇ ನಿಲ್ಲಿಸಿದ್ದಾ, ಭಾವ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ.

"ಹೌದಮ್ಮ. ನೀನು ಉಜ್ಜಿದ್ದು ಜಾಸ್ತಿಯಾಯಿತು, ಅಷ್ಟೇ."

ಗುಡುಗು ಹಗ್ಗವನ್ನು ಕೆಳಗಿಟ್ಟ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅತ್ತಿಗೆ, ಹೊಳಪು ಮಾತ್ರ ಭರ್ಜರಿಯಾಗಿದೆ."

ಅವಳು ಫಕ್ಕನೆ ನಕ್ಕಳು. ನಗುತ್ತಲೇ ಬಾನೆಟ್ಟಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ನಾವಿಬ್ಬರೂ ಬೇರೆ ಕಡೆ ನೋಡುತ್ತ ನಿಂತೆವು.

ಭಾನುವಾರ ಅವಳು ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಕಾರು ತಿರುವು ದಾಟಿತು, ಸೇತುವೆ ದಾಟಿತು. ಆದರೂ ನನ್ನ ಜೀವ ಎಂಜಿನ್ನಿನ ಸದ್ದಿಗೇ ನೇತುಬಿದ್ದಿತ್ತು. ಪ್ರತಿ ಏರಿನಲ್ಲೂ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಅವಳು ಮಾತ್ರ ಮಡಕೆಯ ಮೇಲಿನ ಕೈ ತೆಗೆಯದೆ, "ನಿಧಾನ ಭಾವ, ಅವರಿಗೆ ಅವಸರ ಇಲ್ಲ," ಎಂದಳು.

ಹೊಳೆಯಲ್ಲಿ ಮೊಣಕಾಲಿನವರೆಗೆ ಇಳಿದು ಅವಳು ಮಡಕೆ ಬಗ್ಗಿಸಿದಳು. ಬೂದಿ ಒಂದು ಗಳಿಗೆ ನೀರಿನ ಮೇಲೆ ನಿಂತು ಹೊರಟುಹೋಯಿತು. ನಾನು ದಡದಲ್ಲಿ ಕೈಮುಗಿದೆ.

ದೇವರೇ, ಇವನು ನನಗಿಂತ ಚಿಕ್ಕವನು, ನನಗಿಂತ ಮೊದಲು ಬಂದಿದ್ದಾನೆ. ಕಡೆಯ ದಿನಗಳಲ್ಲಿ ಬಹಳ ನೋವು ತಿಂದ. ಇನ್ನು ಆ ನೋವು ಬೇಡ. ತಿಳಿಯದೆ ತಪ್ಪು ಮಾಡಿದ್ದರೆ ಕ್ಷಮಿಸಿ, ಅವನನ್ನು ನಿನ್ನ ಹತ್ತಿರ ಕೂರಿಸಿಕೋ. ಅವನ ಜೀವಕ್ಕೆ ಶಾಂತಿ ಕೊಡು, ತಂದೆ.