ಗುರುವಾರದ ಕಿವಿಗಳು

ನಮ್ಮವರು, ಅಂದರೆ ನನ್ನ ಗಂಡ ಮಾತೊಮೆ, ಒಂದು ಜಾಝ್ ಸಂಘದ ಸದಸ್ಯರು. ಭಾನುವಾರ ಬಂತೆಂದರೆ ದಕ್ಷಿಣ ಆಫ್ರಿಕದ ನಮ್ಮೂರು ಮಮೆಲೋಡಿಯ ಈ ಗಂಡಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ರೆಕಾರ್ಡು ಕೇಳುತ್ತಾರೆ. ಉಣ್ಣೆಯ ಕೋಟು, ಹ್ಯಾಟು, ಮುಖ ಕಾಣುವಷ್ಟು ಪಾಲಿಶ್ ಹೊಡೆದ ಶೂ. ನನ್ನನ್ನು ಕೇಳಿದರೆ, ಇವರಲ್ಲಿ ಅರ್ಧ ಜನ ತಮ್ಮ ಮದುವೆಗೂ ಇಷ್ಟು ನೀಟಾಗಿ ಬಂದವರಲ್ಲ.

ಸಂಘದಲ್ಲಿ ಯಾರೂ ಇನ್ನೊಬ್ಬರ ಸ್ಟೀರಿಯೊ ಸೆಟ್ಟನ್ನು ಬಾಯಿಬಿಟ್ಟು ಹಳಿಯುವುದಿಲ್ಲ. ಧ್ವನಿ ಹಿಡಿಸದಿದ್ದರೆ ಸುಮ್ಮನೆ ಎದ್ದು ಹಿತ್ತಲಿಗೆ ಹೋಗಿ, ಮಾಂಸ ಸುಡುವ ಬೆಂಕಿಯ ಸುತ್ತ ನಿಲ್ಲುತ್ತಾರೆ. ಹೋದ ವರ್ಷ ನಮ್ಮ ಸರದಿಯ ದಿನ ಮೊದಲು ಎದ್ದವರು ಎಲ್ಲರಿಗಿಂತ ಹಿರಿಯರಾದ ಶಾಡ್ರಾಕ್ ಅಣ್ಣ. ಅವರ ಹಿಂದೆಯೇ ಉಳಿದವರೂ ಹೋದರು. ತಿರುಗುವ ರೆಕಾರ್ಡಿನ ಮುಂದೆ ನಮ್ಮವರು ಹ್ಯಾಟು ಕೈಯಲ್ಲಿ ಹಿಡಿದು ಒಬ್ಬರೇ ಕೂತಿದ್ದರು. ಮುಂದಿನ ಸಲವೂ ಹೀಗೇ ಆದರೆ ಸಂಘವನ್ನೇ ಬಿಡುತ್ತೇನೆ ಎಂದು ಅವತ್ತೇ ಹೇಳಿದರು. ಹೇಳಿದ್ದನ್ನು ಮಾಡಿಬಿಡುವ ಮನುಷ್ಯ.

ಅಲ್ಲಿಂದಾಚೆ ನನ್ನ ಕೋಣೆ ನನ್ನದಾಗಿ ಉಳಿಯಲಿಲ್ಲ. ಸ್ಪೀಕರ್ ಪೆಟ್ಟಿಗೆಗಳನ್ನು ಬೆರಳಗಲ ಅತ್ತ, ಬೆರಳಗಲ ಇತ್ತ ಸರಿಸುವುದು, ಓಡಿಬಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವುದು. ಷೋಕೇಸಿನ ಗಾಜಿನ ಲೋಟಗಳು ಗುಂಯ್ ಎನ್ನುತ್ತವೆಂದು ಅವುಗಳ ಅಡಿಗೆ ನನ್ನ ಕಾಲುಚೀಲ ಹಾಸಿದರು. ಕೊನೆಗೊಂದು ದಿನ ಸರಿಹೋಯಿತು ಎಂದರು. ನಾನೂ ಕೂತು ಕೇಳಿದೆ. ಸ್ಯಾಕ್ಸೊಫೋನಿನವನು ನಮ್ಮಿಬ್ಬರ ಎದುರೇ ನಿಂತು ಊದಿದಂತಿತ್ತು. ಹೋದ ವರ್ಷವೂ ಹೀಗೇ ಇತ್ತಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

ಸರದಿಗೆ ಮುಂಚಿನ ಗುರುವಾರ ಚರ್ಚಿನ ತಾಯಂದಿರ ಪ್ರಾರ್ಥನೆ ನಮ್ಮಲ್ಲಿತ್ತು. ಕೆಂಪು ರವಿಕೆ, ಬಿಳಿ ಟೋಪಿಯ ಹೆಂಗಸರು ಕೋಣೆ ತುಂಬ ಒತ್ತಿಕೊಂಡು ಕೂತರು. ಪೆಟ್ಟಿಗೆಗಳನ್ನು ಯಾರಾದರೂ ಅಲುಗಾಡಿಸಿಬಿಟ್ಟಾರೆಂದು ಇವರು ಬಾಗಿಲಲ್ಲೇ ಕಾವಲು. ಕೀರ್ತನೆ ಮುಗಿದಾಗ ಇವರ ಮುಖ ನೋಡಬೇಕಿತ್ತು. ಖಾಲಿ ಕೋಣೆಯಲ್ಲಿ ನಾನು ಕೆಮ್ಮಿದರೂ ಗೋಡೆಗೆ ಬಡಿದು ಬರುತ್ತದಂತೆ. ಇಷ್ಟು ಜನ, ಇಷ್ಟು ಬಟ್ಟೆ ತುಂಬಿದಾಗ ಮುಂದಿನ ಸಾಲಿನವರ ದನಿ ಬಾಗಿಲಿಗೂ ಮುಟ್ಟಲಿಲ್ಲವಂತೆ. ಪಾಪ, ವರ್ಷವಿಡೀ ಖಾಲಿ ಕೋಣೆಗೆ ಧ್ವನಿ ಹದ ಮಾಡಿದ್ದರು.

ಒಂದೇ ಒಂದು ರೆಕಾರ್ಡು ಕೇಳಿಹೋಗಿ ಎಂದು ತಾಯಂದಿರನ್ನು ಬೇಡಿಕೊಂಡರು. ಪ್ರಾರ್ಥನೆಯ ಜಾಗದಲ್ಲಿ ಹೆಂಡದಂಗಡಿಯ ಹಾಡೇ ಎಂದು ಗುಸುಗುಸು ಎದ್ದಿತು. ಹಾಡುವವರ ಮುಂದಾಳು ಡಿಕೆಲೆಡಿ ಅಕ್ಕ ಮಾತ್ರ, ಕೇಳಿದರೆ ಕಿವಿಯೇನೂ ಕೊಳೆಯುವುದಿಲ್ಲ ಎಂದರು. ಇವರು ರೆಕಾರ್ಡು ಹಾಕಿದರು. ಎಲ್ಲರೂ ಸಾವಿನ ಮನೆಯಲ್ಲಿ ಕೂತಂತೆ ಕೂತು ಕೇಳಿದರು.

“ಹೆಂಗಿದೆ ಅಕ್ಕ?”

“ನನ್ನ ಮೊಣಕಾಲಿಗೆ ಚೆನ್ನಾಗಿ ಕೇಳಿಸ್ತಪ್ಪ, ಕಿವಿಗೆ ಇನ್ನೂ ಬಂದಿಲ್ಲ. ತುಂಬಿದ ಚರ್ಚಲ್ಲಿ ನಾವು ಮೆಟ್ಟಿಲ ಮೇಲೆ ನಿಂತು ಹಾಡೋದ್ಯಾಕೆ ಅನ್ಕೊಂಡಿದ್ದೀಯ, ಟೋಪಿ ತೋರ್ಸೋಕಾ?”

ಇವರು ಹಿತ್ತಲಿಗೆ ಓಡಿ ಬಿಯರಿನ ಖಾಲಿ ಕ್ರೇಟುಗಳನ್ನು ತಂದು ಪೆಟ್ಟಿಗೆಗಳನ್ನು ಅವುಗಳ ಮೇಲೇರಿಸಿದರು. ಕ್ರೇಟುಗಳಿಗೆ ನನ್ನ ಕಸೂತಿ ಬಟ್ಟೆ ಹೊದಿಸಿದ ಮೇಲೆ ತಾಯಂದಿರಿಗೂ ಸಮಾಧಾನವಾಯಿತು. ಹಿಂದಿನ ಸಾಲು ತಲೆಯಾಡಿಸುವವರೆಗೆ ಇವರು ಸೆಟ್ಟಿನ ಗುಂಡಿಗಳನ್ನು ತಿರುಗಿಸುತ್ತಲೇ ಇದ್ದರು. ಅಷ್ಟರಲ್ಲಿ ಡಿಕೆಲೆಡಿ ಅಕ್ಕನ ಕಾಲು ತಾಳ ಹಾಕುವುದನ್ನು ನಾನು ಕಂಡೆ. ನಾನು ಕಂಡದ್ದನ್ನು ಅವರೂ ಕಂಡು, ಸೊಳ್ಳೆ ಎಂದರು.

ಭಾನುವಾರ ಸಂಘ ಬಂತು. ನಾನು ಅಡುಗೆಮನೆಯಲ್ಲಿ ಜೋಳದ ಮುದ್ದೆ ತೊಳಸುತ್ತಿದ್ದೆ, ಕಿವಿಯೆಲ್ಲ ಹಿತ್ತಲ ಬಾಗಿಲಿನ ಮೇಲೆ. ಒಂದು ರೆಕಾರ್ಡು ಮುಗಿದು ಇನ್ನೊಂದು ಶುರುವಾಯಿತು. ಬಾಗಿಲು ಕಿರ್ರೆನ್ನಲಿಲ್ಲ. ತಡೆಯಲಾರದೆ ಇಣುಕಿದೆ. ಶಾಡ್ರಾಕ್ ಅಣ್ಣ ಕೋಣೆಯ ನಡುವೆ ಕಣ್ಣು ಮುಚ್ಚಿ, ಒಂದೇ ಶೂ ಮೇಲೆ ನಿಧಾನಕ್ಕೆ ತಿರುಗುತ್ತ ಕುಣಿಯುತ್ತಿದ್ದರು. ಉಳಿದವರು ಕೂತ ಜಾಗ ಬಿಟ್ಟು ಕದಲಿರಲಿಲ್ಲ.

ಆಗ ಮೂಗಿಗೆ ವಾಸನೆ ಬಡಿಯಿತು. ಹಿತ್ತಲಿಗೆ ಓಡಿದೆ. ಶನಿವಾರದಿಂದ ಮಸಾಲೆಯಲ್ಲಿ ನೆನೆಹಾಕಿದ್ದ ಮಾಂಸವೆಲ್ಲ ಕರ್ರಗೆ ಇದ್ದಿಲಾಗಿತ್ತು. ಬೇರೆ ದಿನವಾಗಿದ್ದರೆ ಬೀದಿ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದೆ. ಇವತ್ತು ನಗು ಬಂತು, ಕಣ್ಣೂ ತುಂಬಿತು.

ಹಿಂದೆಯೇ ಇವರು ಗಾಬರಿಯಿಂದ ಬಂದರು.

“ಅಯ್ಯೋ, ಮಾಂಸ ನೋಡ್ಕೊಳ್ಳೋಕೆ ಇಲ್ಲಿ ಒಬ್ರೂ ಇರ್ಲಿಲ್ವಾ?”

“ಒಬ್ರೂ ಇರ್ಲಿಲ್ಲ, ಪುಲೆ ಅಪ್ಪ.”

ನಮ್ಮ ಮಗನ ಹೆಸರು ಹಿಡಿದೇ ನಾನು ಇವರನ್ನು ಕರೆಯುವುದು. ಇವರು ಬೆಂಕಿಯನ್ನು ನೋಡಿದರು, ಖಾಲಿ ಹಿತ್ತಲನ್ನು ನೋಡಿದರು.

“ಇನ್ನೊಂದ್ಸಲ ಹೇಳು,” ಎಂದರು.