ಪೌಡರಿನ ಹೊತ್ತಿಗಿಂತ ಮೊದಲು

"ಬೇವರ್ಸಿ, ನಿನ್ನ ಅಮ್ಮನನ್ನು ತಂದು ಬಿಸಾಡ್ಲಿಕ್ಕೆ ಇದೆಂತ ಧರ್ಮಛತ್ರವಾ?"

ಲೆಸ್ಟರ್ ಸಾರ್ ಹೀಗೆ ಕೂಗಿದ್ದು ಕಾಪುವಿನಲ್ಲಿ, ಅವರದೇ ನರ್ಸಿಂಗ್ ಹೋಮಿನ ಗೇಟಿನ ಎದುರು. ಆ ಕೂಗಿಗೆ ಕಾರ್ಕಳದ ಗೊಮ್ಮಟ ಕೂಡ ಒಮ್ಮೆ ಕತ್ತು ತಿರುಗಿಸಿರಬೇಕು. ನಾನು ಮಾತ್ರ ಅಲುಗಲಿಲ್ಲ. ನಾನು ಕಾನ್ಸೆಪ್ಟಾ. ಮರೆವಿನ ಕಾಯಿಲೆಯ ಮುದುಕ ಮುದುಕಿಯರನ್ನು ಎತ್ತಿ, ತೊಳೆದು, ಉಣಿಸುವ ಹೋಂ ನರ್ಸ್. ಉಡುಪಿ ಜಿಲ್ಲೆಯ ಅರ್ಧಕ್ಕರ್ಧ ದೊಡ್ಡ ಮನುಷ್ಯರ ಕುಂಡೆ ತೊಳೆದ ಕೈ ಇದು. ಉಳಿದರ್ಧ ಜನ ಮುದುಕರಾಗಲಿಕ್ಕೆ ಕಾಯುತ್ತಿದ್ದಾರೆ.

ಪಕ್ಕದಲ್ಲಿ ಮಾಂಯ್, ಅಂದರೆ ಬರ್ತಾ ಎಂಬ ಹೆಸರಿನ ನನ್ನ ತಾಯಿ, ನನ್ನ ಬ್ಯಾಗಿನ ಪಟ್ಟಿ ಹಿಡಿದು ನಿಂತಿದ್ದಳು. ಅವಳಿಗೂ ಅದೇ ಕಾಯಿಲೆ. ಕಲ್ಯಾಣಪುರದ ನಮ್ಮ ಮನೆಯಲ್ಲಿ ಅವಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ನಾನು ಡ್ಯೂಟಿಗೆ ಬರುತ್ತಿದ್ದೆ. ಹಿಂದಿನ ದಿನ ಅವಳು ಮಾಡಿನ ಹಂಚು ಸರಿಸಿ, ಪಕ್ಕಾಸಿನ ಮರ ಹಿಡಿದು ನೇತಾಡಿ, ಅಂಗಳಕ್ಕೆ ಹಾರಿದಳು ಎಂದು ಬಸ್ಸಿನಲ್ಲಿ ಎಲ್ಲರಿಗೂ ಹೇಳಿದ್ದೆ. ಹಿಂಬಾಗಿಲಿನ ಚಿಲಕ ಮುರಿದಿತ್ತು ಎಂದರೆ ಯಾರು ಕೇಳುತ್ತಾರೆ? ಸ್ವರ್ಣಾ ನದಿಯಲ್ಲಿ ಸೊಂಟದವರೆಗೆ ಇಳಿದಿದ್ದವಳನ್ನು ಮರಳು ತೆಗೆಯುವವರು ದಡಕ್ಕೆ ಎಳೆದು ಹಾಕಿದ್ದರು. ಹಂಚಿನ ಕಾರ್ಖಾನೆಗೆ ಹೊರಟಿದ್ದಳಂತೆ. ಅವಳು ಪ್ರಾಯವಿಡೀ ಹಂಚು ಹೊತ್ತ ಆ ಕಾರ್ಖಾನೆ ಮುಚ್ಚಿ ಈಗ ಅಲ್ಲಿ ಮದುವೆಯ ಹಾಲ್ ಆಗಿದೆ.

"ಒಂದು ಮೂಲೆ ಸಾಕು ಸಾರ್. ಡ್ಯೂಟಿ ಮುಗಿಯುವವರೆಗೆ. ಇಲ್ಲದಿದ್ರೆ ನಾನು ಮನೆಯಲ್ಲೇ ಕೂರ್ಬೇಕು."

"ಕೂರು. ನಿನ್ನಂಥವರು ಬಸ್‌ಸ್ಟ್ಯಾಂಡಿನಲ್ಲಿ ಮೀನಿನ ಹಾಗೆ ಸಿಗ್ತಾರೆ."

"ಸಿಗ್ತಾರೆ ಸಾರ್. ಅಲೆಕ್ಸಾಂಡರ್ ಸಾರನ್ನು ಬಾತ್ರೂಮಿಗೆ ಎತ್ತುವ ಮೀನು ಸಿಗ್ತದಾ ನೋಡಿ."

ಅವರು ಮೀಸೆ ಕಚ್ಚಿಕೊಂಡರು. ಅಲೆಕ್ಸಾಂಡರ್ ಸಾರ್ ನಿವೃತ್ತ ಬ್ಯಾಂಕ್ ಮ್ಯಾನೇಜರ್. ತೂಕದಲ್ಲಿ ಹೆಚ್ಚುಕಡಿಮೆ ಬ್ಯಾಂಕಿನ ತಿಜೋರಿಯೇ. ನನ್ನ ಕೈ ಬಿಟ್ಟರೆ ಬೇರೆ ಯಾರ ಕೈಗೂ ಏಳುವವರಲ್ಲ.

"ಹಾಲಿನ ಮೂಲೆಯಲ್ಲಿ ಕೂರಿಸು," ಎಂದರು ಕೊನೆಗೆ. "ನಮ್ಮ ನೈಟಿ ಹಾಕು. ನೋಡಿದವರಿಗೆ ಪೇಷೆಂಟ್ ಅಂತಲೇ ಕಾಣ್ಬೇಕು, ಕೂಲಿ ಮುದುಕಿ ಅಂತ ಕಾಣ್ಬಾರ್ದು. ಊಟ ನಿನ್ನ ಪಾಲಿನದ್ದೇ. ಇವತ್ತಿನಿಂದ ಮಾಳಿಗೆಯ ಕೆಲಸವೂ ನಿನಗೆ. ಅವಳು ಎದ್ದು ತಿರುಗಿದ್ರೆ ಇಬ್ಬರೂ ಹೊರಗೆ. ಅರ್ಥ ಆಯ್ತಾ?"

ನನಗೂ ಲೆಸ್ಟರ್ ಸಾರಿಗೂ ಮನೆಮಾತು ಕೊಂಕಣಿಯೇ. ಆದರೆ ಅವರು ಬೈಯುವುದು ಕನ್ನಡದಲ್ಲಿ, ನನ್ನ ಜೊತೆ ಕೆಲಸ ಮಾಡುವ ಫರ್ಝಾನಾಳಿಗೂ ತಿಳಿಯಲಿ ಎಂದು. ಒಂದು ಬೈಗುಳದಲ್ಲಿ ಇಬ್ಬರ ಕೆಲಸ ಮುಗಿಸುವ ಮನುಷ್ಯ.

ನಮ್ಮ ಹೋಮಿನ ಪದ್ಧತಿ ಹೇಳಬೇಕು. ಮಧ್ಯಾಹ್ನದ ಗಂಜಿ ಆದ ಮೇಲೆ ಎಲ್ಲರನ್ನೂ ಹಾಲಿನ ಕುರ್ಚಿಗಳಲ್ಲಿ ಕೂರಿಸಿ ಕಟ್ಟುವುದು. ಮಾಳಿಗೆಯಲ್ಲಿ ಹಾಸಿಗೆ ಹಿಡಿದವರು, ಕೆಳಗೆ ಓಡಾಡುವವರು, ನಡುವೆ ನಾವಿಬ್ಬರು. ಕಟ್ಟದಿದ್ದರೆ ಒಬ್ಬರು ಬಾವಿಕಟ್ಟೆಗೆ, ಇನ್ನೊಬ್ಬರು ಹೆದ್ದಾರಿಗೆ. ಹಗ್ಗದಲ್ಲಿ ಕಟ್ಟುವುದಲ್ಲ, ನಾವೇನು ಕಟುಕರೇ? ಹಳೆಯ ವಾಯಿಲ್ ಸೀರೆಯನ್ನು ಉದ್ದಕ್ಕೆ ಹರಿದ ಪಟ್ಟಿ. ಸೊಂಟಕ್ಕೆ ಒಂದು, ಕೈಗಳಿಗೆ ಒಂದೊಂದು. ಸಂಜೆ ನಾಲ್ಕಕ್ಕೆ ಮನೆಯವರು ನೋಡಲು ಬರುವ ಮೊದಲು ಬಿಚ್ಚಿ, ಮುಖ ಒರೆಸಿ, ಪೌಡರು ಹಚ್ಚುವುದು. ಮುಖಕ್ಕೆ ಸ್ವಲ್ಪ, ಮಣಿಕಟ್ಟಿಗೆ ಜಾಸ್ತಿ. ಕೆಂಪು ಗೆರೆ ಮುಚ್ಚಬೇಕಲ್ಲ. ಬಂದವರು ಮೂಸಿ ನೋಡಿ, "ಎಷ್ಟು ಚೆಂದ ನೋಡಿಕೊಳ್ತಾರೆ ಮಾರಾಯ," ಎಂದು ಖುಷಿಯಲ್ಲಿ ಹೋಗುತ್ತಿದ್ದರು.

ಈ ಕಲೆಯಲ್ಲಿ ನನ್ನನ್ನು ಮೀರಿಸುವವರು ಮಂಗಳೂರಿನಿಂದ ಭಟ್ಕಳದವರೆಗೆ ಇಲ್ಲ. ನಾನು ಕಟ್ಟಿದರೆ ರಾಣಿಯರಿಗೂ ಅದು ಬಳೆ ತೊಟ್ಟ ಹಾಗೆ ಅನಿಸಬೇಕು. ನೊಣ ಕೂತರೂ ಗೊತ್ತಾಗುವ ಚರ್ಮದವರು ನನ್ನ ಗಂಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಅಂದು ಗಂಜಿ ಆಯಿತು. ನಾನು ಒಂದು ಕಡೆಯಿಂದ, ಫರ್ಝಾನಾ ಇನ್ನೊಂದು ಕಡೆಯಿಂದ ಕಟ್ಟುತ್ತಾ ಬಂದೆವು. ಅಲೆಕ್ಸಾಂಡರ್ ಸಾರ್ ಎಂದಿನಂತೆ, "ಏ ಹುಡುಗಿ, ಸಹಿ ಸರಿ ಇಲ್ಲ," ಎಂದು ಗದರಿದರು. ಕಟ್ಟಿಸಿಕೊಂಡರು. ಕೊನೆಯಲ್ಲಿ ಉಳಿದದ್ದು ಮೂಲೆಯ ಕುರ್ಚಿ. ಹೋಮಿನ ನೀಲಿ ನೈಟಿಯಲ್ಲಿ ಮಾಂಯ್ ಎಷ್ಟು ಸಣ್ಣಗೆ ಕಂಡಳೆಂದರೆ ಆ ನೈಟಿಯಲ್ಲಿ ಅವಳಂಥ ಇನ್ನಿಬ್ಬರನ್ನು ತುಂಬಿಸಬಹುದಿತ್ತು.

"ಅವಳನ್ನು ನಾನು ಕಟ್ಲಾ ಅಕ್ಕ?" ಎಂದು ಫರ್ಝಾನಾ ಮೆಲ್ಲಗೆ ಕೇಳಿದಳು.

"ನಿನ್ನ ಗಂಟು ದನಕ್ಕೆ ಸರಿ," ಎಂದೆ.

ಲೆಸ್ಟರ್ ಸಾರ್ ಆಫೀಸಿನ ಬಾಗಿಲಲ್ಲಿ ನಿಂತು ಹಲ್ಲಿಗೆ ಕಡ್ಡಿ ಹಾಕುತ್ತಾ ನೋಡುತ್ತಿದ್ದರು. ನಾನು ಮಾಂಯ್‌ಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಬೇರೆಯವರೆಲ್ಲ ಒಂದಿಷ್ಟು ಕೊಸರುತ್ತಾರೆ, ಉಗುಳುತ್ತಾರೆ. ಅವಳು ತಾನಾಗಿಯೇ ಎರಡೂ ಕೈ ಮುಂದೆ ಚಾಚಿದಳು.

"ಕಟ್ಟು ಬಾಯೆ. ಮೇಸ್ತ್ರಿ ನೋಡ್ತಾ ಇದ್ದಾನೆ, ಬೇಗ ಕಟ್ಟು. ನಿನಗೆ ಬೈಗುಳ ಬೇಡ." ಕೊಂಕಣಿಯಲ್ಲಿ ಹೆಂಗಸರನ್ನು ಕರೆಯುವುದು ಹಾಗೆ, ಬಾಯೆ ಎಂದು.

ಪಟ್ಟಿ ಸುತ್ತಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಬಸ್ಸಿನಲ್ಲಿ ಪಕ್ಕದ ಸೀಟಿನವಳನ್ನು ನೋಡುವ ಹಾಗೆ.

"ನಿನಗೆ ತಾಯಿ ಉಂಟಾ ಬಾಯೆ?"

"ಉಂಟು."

"ಪ್ರಾಯ ಆಗಿದೆಯಾ?"

"ಆಗಿದೆ."

"ಮತ್ತೆ ನೀನು ಇಲ್ಲಿ ಬಂದ್ರೆ ಅವಳನ್ನು ಯಾರು ಕಟ್ತಾರೆ?"

ಗಂಟು ಹಾಕಲು ಹೋದರೆ ಪಟ್ಟಿಯ ತುದಿ ಕೈಯಿಂದ ಜಾರಿತು. ಹಿಡಿದೆ, ಮತ್ತೆ ಜಾರಿತು. ಭಟ್ಕಳದವರೆಗೆ ಹೆಸರಾದ ಗಂಟು.

"ಎಂತ ಶಾಸ್ತ್ರ ಮಾಡ್ತಾ ಇದ್ದೀಯಾ?" ಲೆಸ್ಟರ್ ಸಾರ್ ಬಂದು ನನ್ನ ಹೆಗಲ ಮೇಲಿಂದ ಬಗ್ಗಿದರು. "ದುಡ್ಡು ಕೊಡುವವರನ್ನೂ ಕಟ್ತೇವೆ. ಇದನ್ನು ಮುಟ್ಲಿಕ್ಕೆ ನಿನಗೆ ಮುಹೂರ್ತ ಬೇಕಾ?" ಎಂದು ಪಟ್ಟಿಯನ್ನು ತಾವೇ ಹಿಡಿದು ಎಳೆದರು. ಮಾಂಯ್‌ಯ ಬಾಯಿಂದ ಸಣ್ಣ ಶಬ್ದ ಬಂತು. ಗಂಟು ಬಿತ್ತು. ಅವಳ ಬೆರಳ ತುದಿಗಳು ಕಪ್ಪಗಾದವು.

ಅದೇ ಹೊತ್ತಿಗೆ ಕಂಪೌಂಡಿನ ಒಳಗೆ ಕಾರು ಬಂದು ನಿಂತಿತು. ಅಲೆಕ್ಸಾಂಡರ್ ಸಾರಿನ ಮಗಳು ವಿಲ್ಮಾ ಮೇಡಂ. ಮಣಿಪಾಲದಲ್ಲಿ ಇರುವವರು, ವಾರಕ್ಕೊಮ್ಮೆ ತಪ್ಪದೆ ಬರುವವರು. ಆದರೆ ಎಂದೂ ಈ ಹೊತ್ತಿಗೆ ಬಂದದ್ದಿಲ್ಲ.

ಲೆಸ್ಟರ್ ಸಾರಿನ ಮುಖದ ನೀರಿಳಿಯಿತು. "ಬಿಚ್ಚಿ, ಬಿಚ್ಚಿ. ಪೌಡರು ಎಲ್ಲಿ? ನಾನು ಅವರನ್ನು ಹೊರಗೆ ನಿಲ್ಲಿಸ್ತೇನೆ. ಏ ಕಾನ್ಸೆಪ್ಟಾ, ಕಿವಿ ಉಂಟಾ ನಿನಗೆ?"

ಉಂಟು. ಎದ್ದು ಹೋಗಿ ಹಾಲಿನ ಎರಡೂ ಬಾಗಿಲನ್ನು ಅಗಲವಾಗಿ ತೆರೆದೆ. "ಬನ್ನಿ ಮೇಡಂ. ಇವತ್ತು ಒಳ್ಳೆ ಹೊತ್ತಿಗೆ ಬಂದಿದ್ದೀರಿ."

ವಿಲ್ಮಾ ಮೇಡಂ ಹೊಸ್ತಿಲಲ್ಲೇ ನಿಂತರು. ಸಾಲಾಗಿ ಕುರ್ಚಿಗಳು, ಕುರ್ಚಿಗೆ ಕಟ್ಟಿದ ನೀಲಿ ನೈಟಿಗಳು, ಚೆಕ್ಸ್ ಲುಂಗಿಗಳು. ನಡುವೆ ಅವರ ತಂದೆ, ಗಲ್ಲದ ಮೇಲೆ ಗಂಜಿ ಒಣಗಿತ್ತು. ನೊಣ ಓಡಿಸಲು ಕೈ ಎತ್ತುತ್ತಾರೆ, ಪಟ್ಟಿ ಎಳೆಯುತ್ತದೆ, ಕೈ ಕೆಳಗೆ ಬೀಳುತ್ತದೆ. ಮತ್ತೆ ಎತ್ತುತ್ತಾರೆ.

ಈಗ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡೆ. ಪೊಲೀಸು, ಪೇಪರು, ಟೀವಿ, ಕಾಪು ಪೇಟೆಯಲ್ಲಿ ನನ್ನ ಫೋಟೋ.

"ಲೆಸ್ಟರ್, ಇದೆಂತ?" ಎಂದರು ಮೇಡಂ.

"ಸೇಫ್ಟಿ ಮೇಡಂ. ಬಿದ್ದು ಸೊಂಟ ಮುರಿದ್ರೆ ಮತ್ತೆ ಯಾರಿಗೆ ಕಷ್ಟ? ನಿಮಗೇ ಅಲ್ವಾ?"

ಮೇಡಂ ಕಣ್ಣು ಒರೆಸಿಕೊಂಡರು. ಕೈಯ ವಾಚು ನೋಡಿದರು. "ಇವತ್ತು ಕಾರ್ಕಳದಲ್ಲಿ ಕಸಿನ್ನಿನ ಮದುವೆಯ ರೋಸ್ ಶಾಸ್ತ್ರ ಉಂಟು, ಅದಕ್ಕೆ ಬೇಗ ಬಂದೆ. ಫೋನ್ ಮಾಡಿ ಬರ್ಬೇಕಿತ್ತು. ನನ್ನದೇ ತಪ್ಪು."

ಅವರು ಲೆಸ್ಟರ್ ಸಾರಿಗೆ ಕ್ಷಮೆ ಕೇಳುತ್ತಿದ್ದರು. ನಾನು ಕಿವಿಯಾರೆ ಕೇಳಿದೆ. ಇದರಲ್ಲಿ ಒಂದಕ್ಷರವನ್ನೂ ನಾನು ಸೇರಿಸಿಲ್ಲ.

"ನಾಡಿದ್ದು ಸರಿಯಾದ ಹೊತ್ತಿಗೆ ಬರ್ತೇನೆ," ಎಂದು ಮೇಡಂ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡರು. "ಸ್ವಲ್ಪ ಸಡಿಲ ಕಟ್ಲಿಕ್ಕೆ ಹೇಳಿ, ಆಯ್ತಾ?"

ನಾನು ಮಾಂಯ್‌ಯ ಹತ್ತಿರ ಹೋದೆ. ಲೆಸ್ಟರ್ ಸಾರ್ ಹಾಕಿದ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹರಿದೆ. ಆಮೇಲೆ ಪಕ್ಕದ ಕುರ್ಚಿ. ಆಮೇಲೆ ಅದರ ಪಕ್ಕದ್ದು.

"ಕಾನ್ಸೆಪ್ಟಾ, ಎಂತ ಮಾಡ್ತಾ ಇದ್ದೀಯಾ? ಫರ್ಝಾನಾ, ಅವಳನ್ನು ಹಿಡಿ."

ಫರ್ಝಾನಾ ಒಂದು ಗಳಿಗೆ ಅವರನ್ನು ನೋಡಿದಳು. ಶಾಲನ್ನು ಸೊಂಟಕ್ಕೆ ಬಿಗಿದು ಆಚೆ ತುದಿಯಿಂದ ಬಿಚ್ಚುತ್ತಾ ಬಂದಳು. "ದನದ ಗಂಟು ಬೇಗ ಬಿಚ್ತದೆ ಅಕ್ಕ," ಎಂದಳು.

ಮೊದಲು ಎದ್ದದ್ದು ಅಲೆಕ್ಸಾಂಡರ್ ಸಾರ್. ನಾನು ಎತ್ತದೆ ಏಳದ ಮನುಷ್ಯ ಕುರ್ಚಿಯ ಕೈ ಹಿಡಿದು, ನಡುಗುತ್ತಾ, ತಾನೇ ಎದ್ದು ನಿಂತರು. ತೆರೆದ ಬಾಗಿಲು ಕಂಡಿತು, ಬಾಗಿಲಿನಾಚೆ ಕಾರು ಕಂಡಿತು. ಲುಂಗಿ ಎತ್ತಿ ಕಟ್ಟಿ ನಡೆದರು. ನಮ್ಮ ಮುದುಕರ ಸ್ವಭಾವ ಗೊತ್ತಲ್ಲ, ಒಬ್ಬರು ಎದ್ದರೆ ಎಲ್ಲರೂ ಹಿಂದೆ. ನೀಲಿ ನೈಟಿಗಳು ಒಂದರ ಹಿಂದೆ ಒಂದು ಹೊಸ್ತಿಲು ದಾಟಿದವು. ಲೆಸ್ಟರ್ ಸಾರ್ ಒಬ್ಬರ ತೋಳು ಹಿಡಿದರೆ ಇಬ್ಬರು ದಾಟುತ್ತಿದ್ದರು.

ಅಲೆಕ್ಸಾಂಡರ್ ಸಾರ್ ಸ್ಟಿಯರಿಂಗ್ ಹಿಡಿದು ಕೂತರು. ಹಿಂದಿನ ಸೀಟು ತುಂಬಿತು. ಜಾಗ ಸಿಗದವರು ಬಾನೆಟ್ಟಿಗೆ ಒರಗಿ ತಮ್ಮ ಸರದಿ ಕಾದರು.

"ಪಪ್ಪಾ, ಇಳೀರಿ. ಪ್ಲೀಸ್ ಪಪ್ಪಾ." ವಿಲ್ಮಾ ಮೇಡಂ ಕೀಲಿಕೈ ಹಿಡಿದು ಬಿಸಿಲಲ್ಲಿ ನಿಂತಿದ್ದರು. "ಕಾನ್ಸೆಪ್ಟಾ, ಇವರನ್ನು ಸ್ವಲ್ಪ ಇಳಿಸಿ ಕೊಡು. ನಿನಗೆ ಪುಣ್ಯ ಬರ್ತದೆ."

"ಒಂದು ನಿಮಿಷ ಮೇಡಂ," ಎಂದೆ. ಮಾಂಯ್‌ಯ ಸೊಂಟ ಹಿಡಿದು ನಡೆಸಿಕೊಂಡು ಬಂದು, ಮುಂದಿನ ಸೀಟಿನಲ್ಲಿ ಕೂರಿಸಿ, ಕಾಲು ಒಳಗಿಟ್ಟು, ಬಾಗಿಲು ಹಾಕಿದೆ.

"ನಿನ್ನ ಕೆಲಸ ಹೋಯ್ತು," ಎಂದರು ಲೆಸ್ಟರ್ ಸಾರ್. "ಇಳಿಸು ಎಲ್ಲರನ್ನೂ."

"ಕೆಲಸ ಹೋದವಳಿಗೆ ಎಂತ ಹೇಳ್ತೀರಿ? ನೀವೇ ಇಳಿಸಿ."

ಕಾರಿನೊಳಗೆ ಮಾಂಯ್ ನೆಟ್ಟಗೆ ಕೂತು, ಪಕ್ಕದವರ ಕಡೆ ತಿರುಗಿದಳು. "ಹೊರಡಿ ಅಣ್ಣ. ಕಾರ್ಖಾನೆಗೆ ಹೊತ್ತಾಯ್ತು."

ಅಲೆಕ್ಸಾಂಡರ್ ಸಾರ್ ತಲೆಯಾಡಿಸಿ ಹಾರ್ನ್ ಒತ್ತಿದರು. ಒತ್ತಿದ ಕೈ ತೆಗೆಯಲೇ ಇಲ್ಲ.